ಚಳಿಗಾಲಕ್ಕೆ ಕಾರು ನಿಲ್ಲಿಸುವ ಮುನ್ನ ನೀರಿನ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಉರಿದರೆ ಎಷ್ಟು ನೀರು ಹುಟ್ಟುತ್ತದೆ ಗೊತ್ತಾ? ಹತ್ತಿರ ಹತ್ತಿರ ಒಂದು ಲೀಟರ್. ತಮಾಷೆ ಮಾಡುತ್ತಿಲ್ಲ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿದರೆ ಆಗುವುದು ನೀರೇ ಅಲ್ವಾ? ಓಡುವ ಕಾರಿನಲ್ಲಿ ಅದು ಹಬೆಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗಿಬಿಡುತ್ತದೆ. ನಮ್ಮ ಕಣ್ಣಿಗೆ ಬೀಳುವುದಿಲ್ಲ. ಚಳಿಯ ಬೆಳಿಗ್ಗೆ ಮಾತ್ರ ಸೈಲೆನ್ಸರ್ ತುದಿಯಲ್ಲಿ ತೊಟ್ಟಿಕ್ಕುವುದು ಕಂಡು, ಎಲ್ಲೋ ಸೋರುತ್ತಿದೆ ಎಂದು ಗಾಬರಿಯಾಗುತ್ತೇವೆ.

ಹಿಮ ಬೀಳುವ ಊರುಗಳಲ್ಲಿ ಎಷ್ಟೋ ಜನ ಚಳಿಗಾಲದ ಮೂರು ನಾಲ್ಕು ತಿಂಗಳು ಕಾರನ್ನು ಓಡಿಸದೆ ನಿಲ್ಲಿಸಿಬಿಡುತ್ತಾರೆ. ಹಳೆಯ ಕಾರು, ಪ್ರೀತಿಯ ಕಾರು, ಮನೆಯ ಎರಡನೇ ಕಾರು, ಕಾರಣ ಏನಾದರೂ ಇರಬಹುದು. ನಿಲ್ಲಿಸುವಾಗ ಎಲ್ಲರ ಭಯವೂ ಚಳಿಯ ಬಗ್ಗೆಯೇ. ಆದರೆ ಸುಮ್ಮನೆ ನಿಂತ ಕಾರಿಗೆ ಒಣ ಚಳಿಯಿಂದ ಅಷ್ಟೇನೂ ತೊಂದರೆಯಿಲ್ಲ. ತುಕ್ಕು ಹಿಡಿಯುವುದೂ ಒಂದು ರಾಸಾಯನಿಕ ಕ್ರಿಯೆ. ಅದು ಬಿಸಿಯಲ್ಲಿ ಚುರುಕು, ತಂಪಿನಲ್ಲಿ ನಿಧಾನ. ಪೆಟ್ರೋಲ್ ಕೆಡುವುದೂ ಹಾಗೆಯೇ. ಬ್ಯಾಟರಿ ತಾನಾಗಿ ಇಳಿಯುವುದೂ ಹಾಗೆಯೇ. ಕಾರನ್ನು ಹಾಳು ಮಾಡುವುದು ನೀರು. ಟ್ಯಾಂಕಿನಲ್ಲಿ, ಆಯಿಲ್‌ನಲ್ಲಿ, ಬ್ರೇಕಿನ ಮೇಲೆ, ಸೀಟಿನ ಕೆಳಗೆ, ಬ್ಯಾಟರಿಯ ಒಳಗೂ ಅದೇ ನೀರು ಬೇರೆ ಬೇರೆ ವೇಷದಲ್ಲಿ ಕೂತಿರುತ್ತದೆ. ಕಾರು ನಿಲ್ಲಿಸುವ ಮುಂಚೆ ಮಾಡುವ ಕೆಲಸಗಳಲ್ಲಿ ಮುಕ್ಕಾಲು ಪಾಲು ಅದನ್ನು ಓಡಿಸುವುದಕ್ಕೇ.

ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವ ಅಭ್ಯಾಸ

‘ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡಿ, ಎಂಜಿನ್ ಚೆನ್ನಾಗಿರುತ್ತೆ’ ಎಂದು ಹೇಳದವರೇ ಇಲ್ಲ. ನಾನೂ ಒಂದು ಚಳಿಗಾಲ ಪೂರ್ತಿ ಶ್ರದ್ಧೆಯಿಂದ ಹಾಗೆ ಮಾಡಿದ್ದೆ. ಅದು ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಜಾಸ್ತಿ ಮಾಡುತ್ತದೆ ಎಂದು ಆಮೇಲೆ ತಿಳಿಯಿತು.

ತಣ್ಣಗಿನ ಎಂಜಿನ್ ಹತ್ತು ನಿಮಿಷ ನಿಂತಲ್ಲೇ ಓಡಿದರೆ ಪೂರ್ತಿ ಬಿಸಿಯಾಗುವುದಿಲ್ಲ. ಟೆಂಪರೇಚರ್ ಮುಳ್ಳು ಮೇಲೇರಿದರೂ ಅದು ತೋರಿಸುವುದು ಎಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟಿನ ಬಿಸಿಯನ್ನು. ಕೆಳಗೆ, ಆಯಿಲ್ ನಿಲ್ಲುವ ತೊಟ್ಟಿಯಾದ ಸಂಪ್‌ನಲ್ಲಿರುವ ಆಯಿಲ್ ಬಿಸಿಯಾಗಲು ಇನ್ನೂ ಬಹಳ ಹೊತ್ತು ಬೇಕು, ಅದೂ ರಸ್ತೆಯಲ್ಲಿ ಓಡಿದರೆ. ಅಷ್ಟರಲ್ಲಿ ಉರಿದ ಪೆಟ್ರೋಲಿನಿಂದ ಹುಟ್ಟಿದ ಹಬೆ ತಣ್ಣಗಿನ ಸೈಲೆನ್ಸರ್‌ನಲ್ಲಿ ನೀರಾಗಿ ನಿಲ್ಲುತ್ತದೆ. ಪಿಸ್ಟನ್ ಪಕ್ಕದಿಂದ ನುಸುಳಿದ ಸ್ವಲ್ಪ ಹಬೆ ಆಯಿಲ್‌ಗೂ ಸೇರುತ್ತದೆ. ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಒಳಗೆ ಬಿಳಿ ಕೆನೆಯ ಹಾಗೆ ಅಂಟಿರುತ್ತದಲ್ಲ, ಬಹಳ ಸಲ ಅದು ಇದೇ ನೀರು ಆಯಿಲ್ ಜೊತೆ ಕಲಸಿ ಆದದ್ದು. ಇದರ ಮೇಲೆ ಬ್ಯಾಟರಿಯ ಲೆಕ್ಕವೂ ಇದೆ. ಸೆಲ್ಫ್ ಹೊಡೆದಾಗ ಕಳೆದುಕೊಂಡ ಚಾರ್ಜು, ಚಳಿಯಲ್ಲಿ ಹತ್ತು ನಿಮಿಷದ ಐಡ್ಲಿಂಗ್‌ನಲ್ಲಿ ಪೂರ್ತಿ ವಾಪಸ್ ಬರುತ್ತದೆ ಎಂದು ನಂಬುವ ಹಾಗಿಲ್ಲ.

ಹಾಗಾಗಿ ಎರಡೇ ದಾರಿ. ಮಧ್ಯೆ ಒಂದು ದಿನ ರಸ್ತೆ ಒಣಗಿದೆ, ಉಪ್ಪೂ ಇಲ್ಲ ಎಂದಾದರೆ ಅರ್ಧ ಮುಕ್ಕಾಲು ಗಂಟೆ ಸರಿಯಾಗಿ ಓಡಿಸಿ ತಂದು ನಿಲ್ಲಿಸಿ. ಇಲ್ಲವಾದರೆ ಮುಟ್ಟಲೇಬೇಡಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಸ್ಟಾರ್ಟ್ ಮಾಡುವುದಂತೂ ಯಾವತ್ತೂ ಬೇಡ. ಎಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೈಗೆ ಏನೋ ಆಗುತ್ತಿದೆ ಎಂದು ತಿಳಿಯುವ ಹೊತ್ತಿಗೆ ಎದ್ದು ಬಾಗಿಲು ತೆಗೆಯುವ ಶಕ್ತಿಯೇ ಇರುವುದಿಲ್ಲ.

ಬ್ಯಾಟರಿ ಹೇಗೆ ನೀರಾಗುತ್ತದೆ

ಕಾರಿನ 12 ವೋಲ್ಟ್ ಬ್ಯಾಟರಿಯಲ್ಲಿ ಆರು ಸೆಲ್ ಇರುತ್ತವೆ. ಸೀಸದ ಪ್ಲೇಟುಗಳು, ಅವುಗಳ ನಡುವೆ ನೀರು ಬೆರೆತ ಗಂಧಕಾಮ್ಲ, ಅಂದರೆ ನಾವು ಆಡುಮಾತಿನಲ್ಲಿ ಆಸಿಡ್ ಅನ್ನುವುದು. ಚಾರ್ಜ್ ಇಳಿಯುತ್ತಾ ಹೋದಂತೆ ಆಸಿಡ್‌ನ ಸಲ್ಫೇಟ್ ಪ್ಲೇಟುಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಉಳಿಯುವುದು ತೆಳು ದ್ರಾವಣ. ಪೂರ್ತಿ ಇಳಿದ ಬ್ಯಾಟರಿಯಲ್ಲಿ ಇರುವುದು ಹೆಚ್ಚುಕಡಿಮೆ ನೀರೇ.

ಇದರ ಪರಿಣಾಮ ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಪೂರ್ತಿ ಇಳಿದದ್ದು ಮೈನಸ್ 8 ಡಿಗ್ರಿ ಹೊತ್ತಿಗೇ ಗಟ್ಟಿಯಾಗಬಹುದು. ಒಂದೇ ಬ್ಯಾಟರಿ, ಒಂದೇ ಚಳಿ. ಒಂದು ಬದುಕುತ್ತದೆ, ಇನ್ನೊಂದರ ಡಬ್ಬಿ ಒಡೆಯುತ್ತದೆ. ‘ಚಳಿಗೆ ಬ್ಯಾಟರಿ ಸತ್ತುಹೋಯಿತು’ ಅನ್ನುತ್ತೇವೆ. ನಿಜಕ್ಕೂ ಅದು ಮೊದಲು ಹಸಿದಿತ್ತು, ಆಮೇಲೆ ಚಳಿಗೆ ಸಿಕ್ಕಿತು.

ಹಸಿವು ಹೇಗೆ ಬರುತ್ತದೆ? ಕಾರು ಲಾಕ್ ಆಗಿ ನಿಂತಿದ್ದರೂ ಒಳಗೆ ಕೆಲವರು ಎಚ್ಚರವಾಗಿಯೇ ಇರುತ್ತಾರೆ. ಅಲಾರಂ, ರಿಮೋಟ್ ಕೀಯ ಸಿಗ್ನಲ್‌ಗೆ ಕಿವಿಗೊಟ್ಟು ಕೂತ ರಿಸೀವರ್, ಗಡಿಯಾರ, ಕಂಪ್ಯೂಟರಿನ ನೆನಪು. ಇವೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಎಳೆಯುವುದು ಮಾಮೂಲಿ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. 30 ಮಿಲಿಆಂಪಿಯರ್ ಎಂದೇ ಇಟ್ಟುಕೊಳ್ಳೋಣ. ದಿನಕ್ಕೆ 0.72 ಆಂಪಿಯರ್-ಅವರ್ ಖರ್ಚು. 60 ಆಂಪಿಯರ್-ಅವರ್ ಬ್ಯಾಟರಿ ಆರು ವಾರದಲ್ಲಿ ಅರ್ಧ ಖಾಲಿ. ಮೂರು ತಿಂಗಳಲ್ಲಿ ಪೂರ್ತಿ ಖಾಲಿ. ಅಷ್ಟು ಹೊತ್ತಿಗೆ ಚಳಿ ಇನ್ನೂ ಮುಗಿದಿರುವುದಿಲ್ಲ.

ಇನ್ನೊಂದು ತೊಂದರೆಯೂ ಜೊತೆಗೇ ಬರುತ್ತದೆ. ಪ್ಲೇಟಿಗೆ ಅಂಟಿದ ಸಲ್ಫೇಟ್ ಮೊದಮೊದಲು ಮೆತ್ತಗಿರುತ್ತದೆ. ಚಾರ್ಜ್ ಮಾಡಿದರೆ ಕರಗಿ ವಾಪಸ್ ಆಸಿಡ್ ಸೇರುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದು ದೊಡ್ಡ ಹರಳುಗಳಾಗಿ ಗಟ್ಟಿಯಾಗುತ್ತದೆ. ಆಮೇಲೆ ಏನು ಮಾಡಿದರೂ ಪೂರ್ತಿ ಬಿಡುವುದಿಲ್ಲ. ಬ್ಯಾಟರಿಯ ತಾಕತ್ತು ಶಾಶ್ವತವಾಗಿ ಕಡಿಮೆಯಾಗುತ್ತದೆ.

ಒಂದು ಸಾಮಾನ್ಯ ಮಲ್ಟಿಮೀಟರ್ ಇದ್ದರೆ ಸಾಕು, ಬ್ಯಾಟರಿಯ ಹೊಟ್ಟೆ ಎಷ್ಟು ತುಂಬಿದೆ ಎಂದು ತಿಳಿಯುತ್ತದೆ. ಕಾರು ಓಡಿಸಿ ಕೆಲವು ಗಂಟೆ ಬಿಟ್ಟು ನೋಡಬೇಕು. 12.6 ಅಥವಾ 12.7 ವೋಲ್ಟ್ ಇದ್ದರೆ ತುಂಬಿದೆ. 12.4 ಎಂದರೆ ಸುಮಾರು ಮುಕ್ಕಾಲು. 12.2 ಎಂದರೆ ಅರ್ಧ. 12ಕ್ಕೆ ಬಂದರೆ ಕಾಲು ಭಾಗವಷ್ಟೇ ಉಳಿದಿದೆ. 12.4ಕ್ಕಿಂತ ಕೆಳಗೆ ಬಿಡಬೇಡಿ.

ಎಲ್ಲಕ್ಕಿಂತ ಒಳ್ಳೆಯ ಉಪಾಯ ಬ್ಯಾಟರಿ ಮೇಂಟೇನರ್. ತುಂಬಿದೆ ಎಂದು ತಿಳಿದ ತಕ್ಷಣ ತಾನೇ ವೋಲ್ಟೇಜ್ ಇಳಿಸಿಕೊಂಡು ಕಾಯುವ ಚಾರ್ಜರ್ ಅದು. ಹಳೆಯ ಕಾಲದ ಟ್ರಿಕಲ್ ಚಾರ್ಜರ್ ಹಾಗಲ್ಲ. ಅದು ಬೇಕಿರಲಿ ಬೇಡದಿರಲಿ ಕರೆಂಟ್ ತುರುಕುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಹಾಗೆ ಬಿಟ್ಟರೆ ಬ್ಯಾಟರಿಯ ನೀರು ಆರಿಹೋಗಿ ಪ್ಲೇಟುಗಳು ಬಯಲಾಗುತ್ತವೆ. ಎರಡೂ ನೋಡಲು ಒಂದೇ ಥರ ಇರುತ್ತವೆ, ಕೊಳ್ಳುವಾಗ ಹುಷಾರು. ಬ್ಯಾಟರಿ ಎಜಿಎಂ ಜಾತಿಯದಾದರೆ (ಆಸಿಡನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟದ್ದು) ಚಾರ್ಜರಿನಲ್ಲೂ ಅದೇ ಸೆಟ್ಟಿಂಗ್ ಇಡಬೇಕು.

ಪ್ಲಗ್ ಪಾಯಿಂಟ್ ಇಲ್ಲದ ಜಾಗವಾದರೆ ಬ್ಯಾಟರಿಯ ವೈರ್ ಬಿಚ್ಚಿಡಬೇಕು. ಮೊದಲು ಮೈನಸ್ ಬಿಚ್ಚಿ. ಯಾಕೆ ಎಂದರೆ ಕಾರಿನ ಇಡೀ ಬಾಡಿ ಮೈನಸ್‌ಗೆ ಜೋಡಿಸಿದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ನೇರ ಶಾರ್ಟ್. ಕಿಡಿ ಹಾರುತ್ತದೆ, ಸ್ಪ್ಯಾನರ್ ಕೆಂಪಗಾಗುವಷ್ಟು ಕಾಯಬಹುದು. ಮೈನಸ್ ಮೊದಲೇ ಬಿಚ್ಚಿದ್ದರೆ ಆ ಭಯವಿಲ್ಲ. ಜೋಡಿಸುವಾಗ ಉಲ್ಟಾ, ಮೈನಸ್ ಕೊನೆಗೆ. ಬಿಚ್ಚುವ ಮೊದಲು ರೇಡಿಯೋ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ. ಕೆಲವು ಕಾರುಗಳಲ್ಲಿ ಬ್ಯಾಟರಿ ಡಿಕ್ಕಿಯೊಳಗೆ ಇರುತ್ತದೆ, ಡಿಕ್ಕಿ ತೆರೆಯಲು ಕರೆಂಟ್ ಬೇಕು. ಬಿಚ್ಚಿ, ಧಡಾರ್ ಎಂದು ಮುಚ್ಚಿದ ಮೇಲೆ ಜ್ಞಾನೋದಯವಾಗಿ ಪ್ರಯೋಜನವಿಲ್ಲ! ಕೀಲಿಯಿಂದ ತೆರೆಯುವ ದಾರಿ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ.

ಬ್ಯಾಟರಿಯನ್ನು ಕಾಂಕ್ರೀಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ಸೋರಿಹೋಗುತ್ತದೆ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಮರದ ಪೆಟ್ಟಿಗೆಯಲ್ಲಿ ಬ್ಯಾಟರಿ ಮಾಡುತ್ತಿದ್ದ ಕಾಲದ ಮಾತದು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅನ್ವಯಿಸುವುದಿಲ್ಲ. ಹಾಗೆ ನೋಡಿದರೆ ತಣ್ಣಗಿನ ನೆಲ ಒಳ್ಳೆಯದೇ, ಬ್ಯಾಟರಿ ತಾನಾಗಿ ಇಳಿಯುವ ವೇಗ ಕಡಿಮೆಯಾಗುತ್ತದೆ.

ಒಂದು ವೇಳೆ ಬ್ಯಾಟರಿ ಹೆಪ್ಪುಗಟ್ಟಿದೆ ಎಂದು ಅನುಮಾನ ಬಂದರೆ, ಡಬ್ಬಿ ಉಬ್ಬಿದ್ದರೆ, ಬಿರುಕು ಕಂಡರೆ, ಚಾರ್ಜಿಗೂ ಹಾಕಬೇಡಿ, ಇನ್ನೊಂದು ಕಾರಿನಿಂದ ಜಂಪ್ ಸ್ಟಾರ್ಟ್ ಕೂಡ ಮಾಡಬೇಡಿ. ಅದು ಸಿಡಿಯಬಹುದು. ಬಿರುಕು ಬಿಟ್ಟಿದ್ದರೆ ಅದರ ಕಥೆ ಮುಗಿಯಿತು, ಬದಲಾಯಿಸಿ.

ಉಪ್ಪು ಒಣಗುವುದಿಲ್ಲ

ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಅದು ಕಾರಿನ ಅಡಿಗೆಲ್ಲ ಮೆತ್ತಿಕೊಳ್ಳುತ್ತದೆ. ‘ಗ್ಯಾರೇಜಿನಲ್ಲಿ ನಿಂತರೆ ಒಣಗುತ್ತೆ ಬಿಡು’ ಎನ್ನುವುದು ದೊಡ್ಡ ತಪ್ಪು ಲೆಕ್ಕ. ಅಡುಗೆಮನೆಯ ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ಒದ್ದೆಯಾಗುವುದು ನೋಡಿದ್ದೀರಲ್ಲ, ಇಲ್ಲೂ ಅದೇ ಕಥೆ. ಗಾಳಿಯ ತೇವ 75 ಶೇಕಡಾ ದಾಟಿದರೆ ಸಾಮಾನ್ಯ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ರಸ್ತೆಗೆ ಬಳಸುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಮೋಸದ್ದು. ಅದಕ್ಕೆ ಸುಮಾರು 33 ಶೇಕಡಾ ತೇವ ಸಾಕು. ಅಂದರೆ ಒಣಗಿದ ಹಾಗೆ ಕಾಣುವ ಗ್ಯಾರೇಜಿನಲ್ಲೂ ಆ ಕಬ್ಬಿಣ ತಿಂಗಳುಗಟ್ಟಲೆ ಉಪ್ಪುನೀರಿನಲ್ಲೇ ನಿಂತಿರುತ್ತದೆ.

ಆದ್ದರಿಂದ ಮೊದಲ ಉಪ್ಪು ರಸ್ತೆಗೆ ಬೀಳುವ ಮೊದಲೇ ಕಾರು ಒಳಗೆ ಸೇರಿದರೆ ಒಳ್ಳೆಯದು. ತಡವಾಯಿತು ಎಂದರೆ ಅಡಿಯಿಂದ ಚೆನ್ನಾಗಿ ತೊಳೆಯಲೇಬೇಕು. ಮೇಲೆ ಫಳಫಳ ಹೊಳೆಸುವುದು ನಿಧಾನಕ್ಕೆ ಆಗಲಿ. ಚಕ್ರದ ಮೇಲಿನ ಗೂಡು, ಅದರೊಳಗಿನ ಮಡಿಕೆಗಳು, ಬಾಗಿಲ ಕೆಳಗಿನ ಪಟ್ಟಿ, ಇಲ್ಲೆಲ್ಲ ಹದವಾಗಿ ನೀರು ಬಿಟ್ಟು ಮಣ್ಣು ಕರಗಿಸಿ. ಬಾಗಿಲಿನ ಅಡಿಯಲ್ಲಿ ನೀರು ಇಳಿದುಹೋಗಲು ಪುಟ್ಟ ತೂತುಗಳಿರುತ್ತವೆ. ಮುಂದಿನ ಗಾಜಿನ ಬುಡದಲ್ಲೂ ಇರುತ್ತವೆ. ತರಗೆಲೆ ಸಿಕ್ಕಿಕೊಂಡಿದ್ದರೆ ತೆಗೆಯಿರಿ. ಅಲ್ಲಿ ನಿಂತ ನೀರು ಎಷ್ಟೋ ಸಲ ಕಾರಿನ ಒಳಗೇ ಇಳಿದು ಮ್ಯಾಟಿನ ಕೆಳಗೆ ಸೇರಿರುತ್ತದೆ.

ತೊಳೆದವರು ಬಹಳ ಸಲ ಒಂದು ತಪ್ಪು ಮಾಡುತ್ತಾರೆ. ಒದ್ದೆ ಕಾರನ್ನು ಹಾಗೇ ತಂದು ನಿಲ್ಲಿಸಿ ಕವರ್ ಹೊದಿಸುತ್ತಾರೆ. ತೊಳೆದ ಮೇಲೆ ಅರ್ಧ ಗಂಟೆ ಓಡಿಸಿ. ನಡುನಡುವೆ ಬ್ರೇಕ್ ಒತ್ತಿ. ಡಿಸ್ಕ್ ಬಿಸಿಯಾಗಿ ನೀರು ಆರಿಹೋಗುತ್ತದೆ. ಸೈಲೆನ್ಸರ್‌ನ ನೀರೂ ಹೊರಗೆ ಹೋಗುತ್ತದೆ. ಕೊನೆಯ ಓಟ ಅದೇ ಆಗಿರಲಿ.

ಎಲ್ಲಿ ನಿಲ್ಲಿಸಬೇಕು

ಬೆಚ್ಚಗಿನ ಗ್ಯಾರೇಜ್ ಸಿಕ್ಕರೆ ಅದೃಷ್ಟ ಎಂದು ನಾವು ಅಂದುಕೊಳ್ಳುತ್ತೇವೆ. ಬೆಚ್ಚಗೆ ಮತ್ತು ಒಣ, ಎರಡೂ ಇದ್ದರೆ ಅದೃಷ್ಟವೇ. ಆದರೆ ಬೆಚ್ಚಗಿನ ಗ್ಯಾರೇಜಿಗೆ ದಿನವೂ ಇನ್ನೊಂದು ಕಾರು ಹಿಮ ಮತ್ತು ಉಪ್ಪು ಹೊತ್ತು ಬಂದು ನೀರು ಸುರಿಸುತ್ತಿದ್ದರೆ, ಅದಕ್ಕಿಂತ ಹೊರಗಿನ ತಣ್ಣನೆಯ ಶೆಡ್ ವಾಸಿ. ಬಿಸಿ, ತೇವ, ಉಪ್ಪು ಮೂರೂ ಒಂದೇ ಕಡೆ ಸೇರಿದರೆ ತುಕ್ಕಿಗೆ ಹಬ್ಬ. ನನ್ನ ಆಯ್ಕೆ ಯಾವಾಗಲೂ ತಣ್ಣಗಿನ, ಗಾಳಿಯಾಡುವ, ಮೇಲೆ ಗಟ್ಟಿ ಸೂರಿರುವ ಜಾಗ.

ಗಾಳಿಯ ತೇವ 60 ಶೇಕಡಾ ದಾಟಿದರೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಏರುತ್ತದೆ. 50ರ ಆಸುಪಾಸು ಇದ್ದರೆ ಬಹಳ ಒಳ್ಳೆಯದು. ಚಿಕ್ಕದೊಂದು ತೇವ ಅಳೆಯುವ ಮೀಟರ್ ಗೋಡೆಗೆ ತೂಗುಹಾಕಿದರೆ ಊಹೆ ಮಾಡುವ ಕಷ್ಟ ತಪ್ಪುತ್ತದೆ. ಡಿಹ್ಯೂಮಿಡಿಫೈಯರ್ ಇಡುವವರು ಒಂದು ವಿಷಯ ಗಮನಿಸಿ. ಮನೆಗಳಲ್ಲಿ ಬಳಸುವ ಕಂಪ್ರೆಸರ್ ಮಾದರಿ ತಣ್ಣಗಿನ ಗ್ಯಾರೇಜಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದರ ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ. ತೇವ ಹೀರುವ ಚಕ್ರವಿರುವ ಡೆಸಿಕೆಂಟ್ ಮಾದರಿಯೇ ಬೇಕು.

ಮಣ್ಣಿನ ನೆಲವಾದರೆ ನೆಲದಿಂದ ಹಗಲು ರಾತ್ರಿ ತೇವ ಏಳುತ್ತಿರುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಕಾರು ನಿಲ್ಲಿಸಿ. ಆದರೆ ಅದೇ ಪ್ಲಾಸ್ಟಿಕ್ಕನ್ನು ಕಾರಿಗೆ ಹೊದಿಸಬೇಡಿ. ಒಳಗಿನ ತೇವ ಹೊರಗೆ ಹೋಗಲಾರದೆ ಬಣ್ಣದ ಮೇಲೇ ಕೂತು ಬೆವರುತ್ತದೆ. ಕವರ್ ಬಟ್ಟೆಯದಾಗಿರಲಿ, ಉಸಿರಾಡುವಂಥದ್ದಾಗಿರಲಿ. ಹೊರಗೆ ಬಯಲಲ್ಲಿ ನಿಲ್ಲಿಸುವುದಾದರೆ ಸಡಿಲ ಕವರಿಗಿಂತ ಕವರ್ ಇಲ್ಲದಿರುವುದೇ ಮೇಲು. ಗಾಳಿಗೆ ಪಟಪಟ ಹೊಡೆದುಕೊಂಡು, ನಡುವೆ ಸಿಕ್ಕ ಧೂಳಿನಿಂದ ಬಣ್ಣವನ್ನು ಮರಳುಕಾಗದದ ಹಾಗೆ ಉಜ್ಜಿಬಿಡುತ್ತದೆ.

ಕಾರಿನ ಒಳಗಿನ ತೇವಕ್ಕೂ ಎರಡು ದಾರಿಗಳಿವೆ. ಜಾಗ ಒಣಗಿದ್ದರೆ ಕಿಟಕಿ ಒಂದು ಬೆರಳಗಲ ಇಳಿಸಿ ಗಾಳಿಯಾಡಲು ಬಿಡಬಹುದು. ಇಲ್ಲವೇ ಎಲ್ಲ ಮುಚ್ಚಿ ತೇವ ಹೀರುವ ಸಿಲಿಕಾ ಚೀಲ ಇಡಬಹುದು. ಕಿಟಕಿ ತೆರೆದು ಚೀಲವನ್ನೂ ಇಟ್ಟರೆ ಆ ಪುಟ್ಟ ಚೀಲ ಇಡೀ ಗ್ಯಾರೇಜನ್ನೇ ಒಣಗಿಸಲು ಹೊರಟ ಹಾಗಾಗುತ್ತದೆ. ಡಬ್ಬಿಯಲ್ಲಿ ನೀರು ತುಂಬಿಕೊಳ್ಳುವ ಕ್ಯಾಲ್ಸಿಯಂ ಕ್ಲೋರೈಡ್ ಮಾತ್ರ ಕಾರಿನೊಳಗೆ ಬೇಡ. ಅದು ತುಂಬಿಸಿಕೊಳ್ಳುವುದು ಉಪ್ಪುನೀರು. ಮಗುಚಿದರೆ ಸೀಟಿನ ಕೆಳಗಿನ ಕಬ್ಬಿಣಕ್ಕೆ ನೀವೇ ಕೈಯಾರೆ ಉಪ್ಪು ಸುರಿದ ಹಾಗೆ.

ಪೆಟ್ರೋಲ್, ಆಯಿಲ್, ಕೂಲೆಂಟ್

ಟ್ಯಾಂಕ್ ತುಂಬಿಸಿ ನಿಲ್ಲಿಸಬೇಕು ಎನ್ನುವುದು ಹಳೆಯ ಬುದ್ಧಿಮಾತು. ಖಾಲಿ ಜಾಗ ಕಡಿಮೆಯಾದಷ್ಟೂ ತೇವದ ಗಾಳಿ ಕಡಿಮೆ, ಟ್ಯಾಂಕಿನ ಗೋಡೆ ಬೆವರುವುದೂ ಕಡಿಮೆ. ತಗಡಿನ ಟ್ಯಾಂಕ್ ಇರುವ ಹಳೆಯ ಕಾರಿಗೆ ಇದು ಅಕ್ಷರಶಃ ನಿಜ. ಪ್ಲಾಸ್ಟಿಕ್ ಟ್ಯಾಂಕ್, ಹೊರಗಾಳಿ ಸುಲಭವಾಗಿ ನುಗ್ಗದ ಈಗಿನ ಕಾರಿಗೆ ಅಷ್ಟು ಮುಖ್ಯವಲ್ಲ. ಆದರೂ ತುಂಬಿಸಿಡುವುದರಿಂದ ನಷ್ಟವಂತೂ ಇಲ್ಲ.

ಎಥನಾಲ್ ಬೆರೆಸಿದ ಪೆಟ್ರೋಲಿನ ಗುಣ ಸ್ವಲ್ಪ ಬೇರೆ. ಎಥನಾಲ್ ನೀರನ್ನು ಪ್ರೀತಿಯಿಂದ ಎಳೆದುಕೊಳ್ಳುತ್ತದೆ. ಒಂದು ಮಿತಿಯವರೆಗೆ ಅದನ್ನು ಕರಗಿಸಿಟ್ಟುಕೊಳ್ಳುತ್ತದೆ. ಹತ್ತು ಶೇಕಡಾ ಎಥನಾಲ್ ಇದ್ದರೆ ಆ ಮಿತಿ ಸುಮಾರು ಅರ್ಧ ಶೇಕಡಾ, ಚಳಿ ಹೆಚ್ಚಿದಷ್ಟೂ ಇನ್ನೂ ಕಡಿಮೆ. ಅದು ದಾಟಿದರೆ ನೀರೂ ಎಥನಾಲೂ ಒಟ್ಟಿಗೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪು ಹೀರುವುದು ತಳದಿಂದಲೇ. ಒಳ್ಳೆಯ ಸ್ಥಿತಿಯಲ್ಲಿರುವ ಹೊಸ ಕಾರಿನಲ್ಲಿ ನಾಲ್ಕು ತಿಂಗಳಿಗೆ ಇಷ್ಟೆಲ್ಲ ನೀರು ಸೇರುವುದು ಕಷ್ಟ. ಪೆಟ್ರೋಲನ್ನು ಗಾಳಿಗೆ ಬೆರೆಸಲು ಕಾರ್ಬುರೇಟರ್ ಇರುವ ಹಳೆಯ ಕಾರಿನವರು ಮಾತ್ರ ಎಚ್ಚರವಾಗಿರಬೇಕು. ಕಾರ್ಬುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಆರಿ, ಹಿಂದೆ ಅಂಟು ಬಿಟ್ಟುಹೋಗುತ್ತದೆ, ಸೂಜಿಮೊನೆಯಂಥ ಜೆಟ್‌ಗಳು ಮುಚ್ಚಿಕೊಳ್ಳುತ್ತವೆ. ಅವರಿಗೆ ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಜರ್ ಬೇಕೇ ಬೇಕು. ಟ್ಯಾಂಕಿಗೆ ಹಾಕಿ ಸುಮ್ನೆ ಬಿಟ್ಟರೆ ಸಾಲದು. ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ, ಅದು ಪೈಪು, ಕಾರ್ಬುರೇಟರ್ ಎಲ್ಲ ಕಡೆ ತಲುಪಲಿ.

ಡೀಸೆಲ್ ಚಳಿಗೆ ಮೇಣಗಟ್ಟುತ್ತದೆ. ಬೇಸಿಗೆಯ ಡೀಸೆಲ್ ತುಂಬಿಸಿ ನಿಲ್ಲಿಸಿದರೆ ನಡುಚಳಿಯಲ್ಲಿ ಫಿಲ್ಟರ್ ಮುಚ್ಚಿಹೋಗುತ್ತದೆ. ಚಳಿಗಾಲದ ಡೀಸೆಲ್ ಮಾರಾಟಕ್ಕೆ ಬಂದ ಮೇಲೆ ತುಂಬಿಸಿ. ಫಿಲ್ಟರಿನಲ್ಲಿ ಸೇರಿದ ನೀರನ್ನೂ ಆಗಲೇ ಇಳಿಸಿ. ಡೀಸೆಲ್ ಮತ್ತು ನೀರು ಸೇರುವ ಅಂಚಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತವೆ. ನೀರಿಲ್ಲದಿದ್ದರೆ ಅವುಗಳಿಗೆ ಬದುಕೇ ಇಲ್ಲ.

ಆಯಿಲ್ ವಿಷಯದಲ್ಲಿ ತಪ್ಪುವುದು ಸಮಯ. ಎಷ್ಟೋ ಜನ ವಸಂತದಲ್ಲಿ ಬದಲಾಯಿಸುತ್ತಾರೆ. ಬದಲಾಯಿಸಬೇಕಾದ್ದು ನಿಲ್ಲಿಸುವ ಮೊದಲು. ಓಡಿದ ಆಯಿಲ್‌ನಲ್ಲಿ ನೀರು, ಉರಿದ ಇಂಧನದ ಆಮ್ಲ, ಮಸಿ ಎಲ್ಲ ಇರುತ್ತದೆ. ಅದನ್ನು ನಾಲ್ಕು ತಿಂಗಳು ಬೇರಿಂಗುಗಳ ಮೇಲೆ ಕೂರಿಸಿ ಆಮೇಲೆ ಹೊಸದು ಹಾಕಿ ಏನು ಪ್ರಯೋಜನ? ಕೊನೆಯ ಓಟಕ್ಕೆ ಸ್ವಲ್ಪ ಮೊದಲು ಬದಲಾಯಿಸಿ, ಹೊಸ ಆಯಿಲ್ ಎಲ್ಲ ಕಡೆ ಹರಡಲಿ. ವಸಂತದಲ್ಲಿ ಮತ್ತೆ ಬದಲಾಯಿಸುವ ಅಗತ್ಯವಿಲ್ಲ.

ಕೂಲೆಂಟ್ ವಿಷಯದಲ್ಲಿ ಚಳಿ ನಿಜವಾಗಿಯೂ ಕೊಲೆಗಾರ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಎಂಜಿನ್ ಬ್ಲಾಕಿನ ಎರಕದ ಲೋಹವೂ ಅದನ್ನು ತಡೆಯಲಾರದು, ಸೀಳಿಹೋಗುತ್ತದೆ. ಇಲ್ಲಿ ಒಂದು ವಿಚಿತ್ರ ಇದೆ. ಕೂಲೆಂಟಿನಲ್ಲಿ ಬಳಸುವ ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಸಮ ಬೆರೆಸಿದರೆ ಅದು ಹೆಪ್ಪುಗಟ್ಟುವುದು ಸುಮಾರು ಮೈನಸ್ 37 ಡಿಗ್ರಿಗೆ. ಹಾಗಾದರೆ ನೀರೇ ಬೆರೆಸದೆ ಪೂರ್ತಿ ಗ್ಲೈಕಾಲ್ ತುಂಬಿಸಿದರೆ ಇನ್ನೂ ಒಳ್ಳೆಯದಲ್ವಾ? ಅಲ್ಲ. ಅಪ್ಪಟ ಗ್ಲೈಕಾಲ್ ಮೈನಸ್ 13ರ ಹೊತ್ತಿಗೇ ಗಟ್ಟಿಯಾಗುತ್ತದೆ. ಎರಡೂ ಬೆರೆತಾಗ ಒಂದು ಇನ್ನೊಂದರ ಹರಳು ಕಟ್ಟುವ ಕೆಲಸಕ್ಕೆ ಅಡ್ಡಿ ಮಾಡುತ್ತದೆ, ಅದೇ ಗುಟ್ಟು. ಬೇಸಿಗೆಯಲ್ಲಿ ರೇಡಿಯೇಟರ್ ಕಡಿಮೆಯಾದಾಗಲೆಲ್ಲ ಬರೀ ನೀರು ಸೇರಿಸಿದ್ದರೆ ಮಿಶ್ರಣ ತೆಳುವಾಗಿರುತ್ತದೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಒಮ್ಮೆ ಹೀರಿ ನೋಡಿ, ಅರ್ಧ ನಿಮಿಷದ ಕೆಲಸ. ಗ್ಲೈಕಾಲ್ ರುಚಿಗೆ ಸಿಹಿ, ಆದರೆ ಕಡು ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ ಬೆಕ್ಕು ನೆಕ್ಕುತ್ತವೆ. ಕೂಡಲೇ ಒರೆಸಿ. ಗಾಜು ತೊಳೆಯುವ ವಾಷರ್ ಟ್ಯಾಂಕಿನಲ್ಲಿ ಬರೀ ನೀರಿದ್ದರೆ ಅದನ್ನೂ ಖಾಲಿ ಮಾಡಿ ಚಳಿಗಾಲದ ದ್ರವ ತುಂಬಿಸಿ. ಬಹಳ ಜನ ಮರೆಯುವುದು ಇದನ್ನೇ.

ಟಯರು, ಬ್ರೇಕು

ಉಷ್ಣತೆ ಹತ್ತು ಡಿಗ್ರಿ ಇಳಿದರೆ ಟಯರಿನ ಗಾಳಿಯ ಒತ್ತಡ ಒಂದೂವರೆಯಿಂದ ಎರಡು ಪಿಎಸ್‌ಐ ಇಳಿಯುತ್ತದೆ. 20 ಡಿಗ್ರಿಯಲ್ಲಿ ತುಂಬಿದ ಗಾಳಿ ಮೈನಸ್ 10ರಲ್ಲಿ ಐದು ಪಿಎಸ್‌ಐ ಕಡಿಮೆ. ಸೋರಿಕೆ ಬೇರೆ. ಹಾಗಾಗಿ ಮಾಮೂಲಿಗಿಂತ ಐದರಿಂದ ಹತ್ತು ಪಿಎಸ್‌ಐ ಜಾಸ್ತಿ ಹೊಡೆಸಿ ನಿಲ್ಲಿಸಿ, ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿ ಮಾತ್ರ ದಾಟಬೇಡಿ. ಒಂದೇ ಕಡೆ ನಿಂತ ಟಯರ್ ನೆಲ ಮುಟ್ಟಿದ ಜಾಗದಲ್ಲಿ ಸ್ವಲ್ಪ ಚಪ್ಪಟೆಯಾಗುತ್ತದೆ. ಗಾಳಿ ಸರಿಯಿದ್ದರೆ ಇದು ತಾತ್ಕಾಲಿಕ. ಇದಕ್ಕೆ ಹೆದರಿ ಕಾರನ್ನು ಸ್ಟ್ಯಾಂಡ್ ಮೇಲೆ ಎತ್ತಿ ನಿಲ್ಲಿಸುವವರಿದ್ದಾರೆ. ಚಕ್ರಗಳು ನೇತಾಡುವಂತೆ ಎತ್ತಿದರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ತಿಂಗಳುಗಟ್ಟಲೆ ತಿರುಚಿಕೊಂಡೇ ಇರುತ್ತವೆ. ನಾಲ್ಕು ತಿಂಗಳಿಗೆ ಅದೆಲ್ಲ ಬೇಡ ಎಂದೇ ನನ್ನ ಅಭಿಪ್ರಾಯ.

ಹ್ಯಾಂಡ್‌ಬ್ರೇಕ್ ಹಾಕಬೇಡಿ. ಪ್ಯಾಡು, ಶೂಗಳು ತುಕ್ಕು ಹಿಡಿದು ಡಿಸ್ಕಿಗೋ ಡ್ರಮ್ಮಿಗೋ ಅಂಟಿಕೊಳ್ಳುತ್ತವೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿಟ್ಟು, ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಕೊಡಿ. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ತಾನಾಗಿ ಬೀಳುವ ಕಾರಿನಲ್ಲಿ ಅದನ್ನು ತಡೆಯುವುದು ಹೇಗೆ ಎಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ನೋಡಿ. ಬ್ರೇಕ್ ಆಯಿಲ್ ಕೂಡ ಗಾಳಿಯಿಂದ ನೀರು ಎಳೆಯುವ ಜಾತಿ. ಎರಡು ವರ್ಷ ದಾಟಿದ್ದರೆ ಈ ನೆಪದಲ್ಲಿ ಬದಲಾಯಿಸಿಬಿಡಿ.

ಬಾಡಿಗೆ ಕೊಡದ ಬಾಡಿಗೆದಾರರು

ನೀರಿನ ಪಟ್ಟಿಯಲ್ಲಿ ಸೇರದ ಶತ್ರು ಒಂದಿದೆ. ಇಲಿ. ನಿಂತ ಕಾರು ಎಂದರೆ ಇಲಿಗೆ ಗಾಳಿ ಮಳೆ ಇಲ್ಲದ ಮನೆ. ಏರ್ ಫಿಲ್ಟರ್ ಡಬ್ಬಿಯಲ್ಲಿ ಹಾಸಿಗೆ, ಸೀಟಿನ ಸ್ಪಂಜು ಕಿತ್ತು ಮೆತ್ತೆ, ಹಲ್ಲು ಮಸೆಯಲು ವೈರು. ಬ್ಲೋವರ್ ಪೈಪಿನಲ್ಲಿ ಒಮ್ಮೆ ಸಂಸಾರ ಹೂಡಿದರೆ ಆ ವಾಸನೆ ಒಂದು ಬೇಸಿಗೆಗೆಲ್ಲ ಹೋಗುವುದಿಲ್ಲ.

ಕಾರಿನೊಳಗೆ ಬಿಸ್ಕತ್ತಿನ ಒಂದು ಪುಡಿಯೂ ಇರದಂತೆ ಗುಡಿಸಿ. ಗ್ಯಾರೇಜಿನಲ್ಲಿ ಕಾಳು, ನಾಯಿ ಊಟದ ಚೀಲ ಇಡಬೇಡಿ. ಸೈಲೆನ್ಸರ್ ಬಾಯಿ, ಗಾಳಿ ಎಳೆಯುವ ಪೈಪಿನ ಬಾಯಿ ಎರಡನ್ನೂ ತಂತಿಯ ಬಲೆಯಿಂದ ಮುಚ್ಚಿ. ಬಟ್ಟೆ ತುರುಕಿದರೆ ಇಲಿಗೆ ಹಾಸಿಗೆಯನ್ನು ನೀವೇ ಒದಗಿಸಿದಂತೆ. ವಾಸನೆಯ ಎಣ್ಣೆ, ನುಸಿಗುಳಿಗೆ ಇತ್ಯಾದಿಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ವಾಸನೆ ಹೋದ ಮೇಲೆ ಇಲಿ ವಾಪಸ್ ಬರುತ್ತದೆ. ಬೋನು ಇಟ್ಟು ವಾರಕ್ಕೊಮ್ಮೆ ನೋಡುವುದೇ ಸರಿ. ಮತ್ತೆ, ಏನೇನು ಮುಚ್ಚಿದ್ದೀರಿ, ಏನೇನು ಬಿಚ್ಚಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗಿಗೆ ಕಟ್ಟಿ. ಈಗ ನೆನಪಿರುತ್ತದೆ ಅನ್ನಿಸುತ್ತದೆ. ನಾಲ್ಕು ತಿಂಗಳ ನಂತರ ಖಂಡಿತ ಇರುವುದಿಲ್ಲ.

ಎಲೆಕ್ಟ್ರಿಕ್ ಕಾರಾದರೆ

ಪೆಟ್ರೋಲ್, ಆಯಿಲ್ ಗೋಳಿಲ್ಲ. ದೊಡ್ಡ ಲಿಥಿಯಂ ಬ್ಯಾಟರಿಗೆ ಪೂರ್ತಿ ತುಂಬಿ ನಿಲ್ಲುವುದೂ ಆಗದು, ಪೂರ್ತಿ ಖಾಲಿಯಾಗುವುದೂ ಆಗದು. ಅರ್ಧದ ಆಸುಪಾಸು ಇಟ್ಟು ನಿಲ್ಲಿಸಿ, ಆಗಾಗ ನೋಡುತ್ತಿರಿ. ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ನಾಲ್ಕು ಸಲ ಇಣುಕಬೇಡಿ, ಪ್ರತಿ ಸಲವೂ ಕಾರು ನಿದ್ದೆಯಿಂದ ಎದ್ದು ಚಾರ್ಜ್ ಸುಡಬಹುದು. ಎಲೆಕ್ಟ್ರಿಕ್ ಕಾರಿನಲ್ಲೂ ಚಿಕ್ಕ 12 ವೋಲ್ಟ್ ಬ್ಯಾಟರಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ಇಳಿದರೆ ದೊಡ್ಡದು ತುಂಬಿದ್ದರೂ ಕಾರು ಬಾಗಿಲೇ ತೆರೆಯದಿರಬಹುದು.

ಹೊರಗೆ ತೆಗೆಯುವ ದಿನ

ಇಡೀ ಚಳಿಗಾಲ ಚೆನ್ನಾಗಿದ್ದ ಕಾರು ಬೆವರುವುದು ಚಳಿ ಮುಗಿಯುವಾಗ. 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ನೀರಿನ ಆವಿ ಹೊರಬಲ್ಲದು. ಸೊನ್ನೆ ಡಿಗ್ರಿಯ ಗಾಳಿ ಹೊರುವುದು ಸುಮಾರು 5 ಗ್ರಾಂ. ಮೊದಲ ಬೆಚ್ಚಗಿನ ದಿನ ಖುಷಿಯಿಂದ ಗ್ಯಾರೇಜಿನ ಬಾಗಿಲು ಅಗಲಕ್ಕೆ ತೆರೆದರೆ ಆ ತೇವದ ಗಾಳಿ ಒಳಗೆ ಬಂದು, ಇನ್ನೂ ತಣ್ಣಗೇ ಇರುವ ಎಂಜಿನ್ನಿಗೆ ತಗುಲುತ್ತದೆ. ತಂಪು ಲೋಟದ ಹೊರಮೈಯ ಹಾಗೆ ಇಡೀ ಕಾರು ನೀರು ಬಿಡುತ್ತದೆ. ಆ ಒಂದೆರಡು ದಿನ ಬಾಗಿಲು ಹಾಕಿಟ್ಟು, ಒಳಗಿನ ಕಬ್ಬಿಣ ನಿಧಾನವಾಗಿ ಬೆಚ್ಚಗಾದ ಮೇಲೆ ತೆರೆಯಿರಿ.

ಸ್ಟಾರ್ಟ್ ಮಾಡುವ ಮೊದಲು ಚೀಟಿ ಓದಿ. ಸೈಲೆನ್ಸರಿನ ಬಲೆ, ಪೈಪಿನ ಬಲೆ ತೆಗೆಯಿರಿ. ಬಾನೆಟ್ ಎತ್ತಿ ಇಲಿಯ ಗುರುತು ಹುಡುಕಿ, ಏರ್ ಫಿಲ್ಟರ್ ಡಬ್ಬಿಯನ್ನೂ ಬಿಚ್ಚಿ ನೋಡಿ. ಕಾರಿನ ಕೆಳಗೆ ಬಗ್ಗಿ ಏನಾದರೂ ಸೋರಿದ ಕಲೆ ಇದೆಯಾ ನೋಡಿ. ಟಯರಿನ ಗಾಳಿಯನ್ನು ಮಾಮೂಲಿ ಮಟ್ಟಕ್ಕೆ ತನ್ನಿ. ಗೇಟಿನಿಂದ ಹೊರಗೆ ಹೋಗುವ ಮೊದಲು ಬ್ರೇಕ್ ಪೆಡಲ್ ನಾಲ್ಕಾರು ಸಲ ಒತ್ತಿ, ಅದು ಗಟ್ಟಿಯಾಗಿ ನಿಲ್ಲಬೇಕು.

ಮೊದಲ ಸ್ವಲ್ಪ ದೂರ ಬ್ರೇಕ್ ಕರಕರ ಅನ್ನುತ್ತದೆ. ಡಿಸ್ಕಿನ ಮೇಲಿನ ತೆಳು ತುಕ್ಕು ಅದು, ನಾಲ್ಕು ಸಲ ಒತ್ತಿದರೆ ಸವೆದುಹೋಗುತ್ತದೆ. ಟಯರು ದಡದಡ ಬಡಿಯುತ್ತದೆ. ಬಿಸಿಯಾದಂತೆ ಗುಂಡಗಾಗುತ್ತಾ ಸದ್ದು ಕಡಿಮೆಯಾಗುತ್ತದೆ. ಹಿಂದೆ ಸೈಲೆನ್ಸರ್ ತೊಟ್ಟಿಕ್ಕುತ್ತಿರುತ್ತದೆ. ಅದು ನಿಂತ ಮೇಲೂ ಇನ್ನೊಂದು ಕಾಲು ಗಂಟೆ ಓಡಿಸಿಯೇ ಮನೆಗೆ ಬನ್ನಿ.